ಆಟ ಮುಗಿದ ಮೇಲೆ ಮಾನ್ವಿಗೆ ಎಷ್ಟು ಬಸ್ಸು ಬೇಕು?

ಹತ್ತು ಸಾವಿರ ಜನ ಒಂದು ಮೈದಾನಕ್ಕೆ ಬರುವುದು ಬೇರೆ, ಅಲ್ಲಿಂದ ಮನೆಗೆ ಹೋಗುವುದು ಬೇರೆ. ಸಂಜೆ ಐದಕ್ಕೆ ಫುಟ್ಬಾಲ್ ಪಂದ್ಯ ಎಂದರೆ ಮೂರು ಗಂಟೆಗೇ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಕೆಲವರು ಪೇಟೆ ಕೆಲಸ ಮುಗಿಸಿ ನಾಲ್ಕಕ್ಕೆ ಬರುತ್ತಾರೆ, ಕೆಲವರು ಆಟ ಶುರುವಾದ ಮೇಲೆ ಬರುತ್ತಾರೆ. ಎರಡು ತಾಸಿನಲ್ಲಿ ಹರಡಿಕೊಂಡು ಬಂದ ಈ ಜನ, ರೆಫರಿ ಕೊನೆಯ ಸೀಟಿ ಊದಿದ ಹತ್ತು ಹದಿನೈದು ನಿಮಿಷಗಳಲ್ಲಿ ಒಟ್ಟಿಗೇ ಎದ್ದು ಹೊರಡುತ್ತಾರೆ. ಸಂಖ್ಯೆ ಅದೇ, ಸಮಯ ಮಾತ್ರ ಎಂಟು ಹತ್ತು ಪಟ್ಟು ಕಡಿಮೆ. ಸಾರಿಗೆ ಎಂಜಿನಿಯರುಗಳು ಜನಸಂದಣಿಯ ಲೆಕ್ಕ ಹಾಕುವಾಗ ಬರುವ ಹೊತ್ತಿಗಿಂತ ಹೋಗುವ ಹೊತ್ತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಫುಟ್ಬಾಲ್ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿದೆ. 1971ರ ಜನವರಿ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಪಂದ್ಯ ಮುಗಿದು ಪ್ರೇಕ್ಷಕರು ಹೊರಗೆ ಹೋಗುತ್ತಿದ್ದಾಗ, ಒಂದು ಮೆಟ್ಟಿಲ ಸಾಲಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಆಟ ನೋಡುವಾಗ ಆಗದ ಅನಾಹುತ ಮನೆಗೆ ಹೊರಟಾಗ ಆಯಿತು. ಅದರ ಬೆನ್ನಿಗೇ, 1973ರಲ್ಲಿ, ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೊಂದು ಕೈಪಿಡಿ ಬಂತು. ಎಷ್ಟು ಅಗಲದ ದಾರಿಯಲ್ಲಿ ನಿಮಿಷಕ್ಕೆ ಎಷ್ಟು ಜನ ಹೋಗಬಹುದು ಎಂಬ ಲೆಕ್ಕ ಅದರ ಜೀವಾಳ.

ರಾಯಚೂರು ದೊಡ್ಡ ಫುಟ್ಬಾಲ್ ಲೀಗ್ ಪಂದ್ಯಗಳು ನಡೆಯುವ ಊರಲ್ಲ. ಆದರೆ ಸಂದಣಿಯನ್ನು ಕಾಣದ ಊರೂ ಅಲ್ಲ. ಶ್ರಾವಣದಲ್ಲಿ ರಾಘವೇಂದ್ರ ಸ್ವಾಮಿಗಳ ಆರಾಧನೆಗೆ ಮಂತ್ರಾಲಯಕ್ಕೆ ಹೋಗುವ ಭಕ್ತರಲ್ಲಿ ಬಹಳ ಮಂದಿ ಇದೇ ಊರಿನಲ್ಲಿ ಇಳಿದು ಬಸ್ಸು ಬದಲಿಸುತ್ತಾರೆ. ದೇವಸೂಗೂರಿನ ಸೂಗೂರೇಶ್ವರ ಜಾತ್ರೆ, ಮಾನ್ವಿ ಹತ್ತಿರದ ನೀರಮಾನ್ವಿಯ ಯಲ್ಲಮ್ಮನ ಜಾತ್ರೆ, ಮುದಗಲ್ಲಿನ ಮೊಹರಂ, ಊರೊಳಗಿನ ಮುಂಗಾರು ಹಬ್ಬ, ಇವೆಲ್ಲ ಈ ಜಿಲ್ಲೆಯ ರಸ್ತೆಗಳಿಗೆ ಪ್ರತಿ ವರ್ಷದ ಪರೀಕ್ಷೆ. 2016ರ ಡಿಸೆಂಬರ್ 2ರಿಂದ 4ರವರೆಗೆ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಕೃಷಿ ವಿಶ್ವವಿದ್ಯಾಲಯದ ಆವರಣ ಜನರಿಂದ ತುಂಬಿತ್ತು. ಹಾಗಾಗಿ ನಮ್ಮ ಪ್ರಶ್ನೆ ದೂರದೇಶದ್ದಲ್ಲ. ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಂದು ದೊಡ್ಡ ಪಂದ್ಯ ನಡೆದು, ಸಂಜೆ ಹತ್ತು ಸಾವಿರ ಜನ ಹೊರಬಿದ್ದರೆ, ಜಿಲ್ಲೆಯ ದೇವದುರ್ಗ ತಾಲ್ಲೂಕಿನವರೂ ಮಾನ್ವಿ ತಾಲ್ಲೂಕಿನವರೂ ಮನೆ ಮುಟ್ಟುವುದು ಹೇಗೆ?

ಗೇಟಿನ ಲೆಕ್ಕ, ಬಾಗಿಲಿನ ಲೆಕ್ಕ

ಬ್ರಿಟನ್ನಿನ ಆ ಕೈಪಿಡಿಯ ಈಗಿನ ಆವೃತ್ತಿಯ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲುಗಳ ಮೇಲೆ 66 ಜನ ಸಾಗಬಹುದು. ನಮ್ಮ ಕಲ್ಪನೆಯ ಪಂದ್ಯದ ಗೇಟುಗಳೆಲ್ಲ ಸೇರಿ 10 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 820 ಜನ ಹೊರಬರುತ್ತಾರೆ. ಹತ್ತು ಸಾವಿರ ಜನರಿಗೆ ಸುಮಾರು 12 ನಿಮಿಷ ಸಾಕು. ಗೇಟು ಚೆನ್ನಾಗಿದ್ದರೆ ಮೈದಾನ ಬೇಗ ಬರಿದಾಗುತ್ತದೆ. ಅದು ಒಳ್ಳೆಯದೇ.

ಈಗ ಬಸ್ಸಿನ ಬಾಗಿಲಿಗೆ ಬನ್ನಿ. ಒಬ್ಬ ಪ್ರಯಾಣಿಕ ಮೆಟ್ಟಿಲು ಹತ್ತಿ ಒಳಗೆ ಸರಿಯಲು ಎರಡರಿಂದ ಮೂರು ಸೆಕೆಂಡು ಬೇಕು. ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು ಇದ್ದರೆ ಇನ್ನೂ ಹೆಚ್ಚು. 50 ಆಸನ, ನಿಂತವರು 10, ಒಟ್ಟು 60 ಜನ ಒಂದೇ ಬಾಗಿಲಿನಿಂದ ಹತ್ತಲು ಎರಡೂವರೆ ನಿಮಿಷ. ಬಸ್ಸು ತಾಣಕ್ಕೆ, ಅಂದರೆ ಜನ ಹತ್ತುವ ಜಾಗಕ್ಕೆ, ಬಂದು ನಿಲ್ಲಲು, ಕಂಡಕ್ಟರ್ ಟಿಕೆಟ್ ಕೊಟ್ಟು ತಲೆ ಎಣಿಸಲು, ಮತ್ತೆ ಹಿಂದಕ್ಕೆ ಮುಂದಕ್ಕೆ ಸರಿದು ರಸ್ತೆ ಸೇರಲು ಇನ್ನಷ್ಟು ಹೊತ್ತು. ಒಂದು ಬಸ್ಸು ಒಂದು ತಾಣವನ್ನು ಐದು ನಿಮಿಷ ಹಿಡಿದಿಡುತ್ತದೆ ಎಂದರೆ ಗಂಟೆಗೆ 12 ಬಸ್ಸು, 720 ಜನ. ನಿಮಿಷಕ್ಕೆ ಸರಾಸರಿ 12 ಜನ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಗೇಟು ನಿಮಿಷಕ್ಕೆ 820 ಜನರನ್ನು ಹೊರಗೆ ಬಿಡುತ್ತದೆ. ಒಂದು ಬಸ್ ತಾಣ ನಿಮಿಷಕ್ಕೆ 12 ಜನರನ್ನು ಒಳಗೆ ತೆಗೆದುಕೊಳ್ಳುತ್ತದೆ. ಕೊಡದ ನೀರನ್ನು ಒಮ್ಮೆಲೇ ಸೀಸೆಯ ಬಾಯಿಗೆ ಸುರಿದಂತೆ. ಉಳಿದ ಜನ ಎಲ್ಲಿ ನಿಲ್ಲುತ್ತಾರೆ, ಹೇಗೆ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೇ ಪಂದ್ಯದ ದಿನದ ಸಾರಿಗೆಯ ಮುಖ್ಯ ಪ್ರಶ್ನೆ.

ದೂರ ಹೆಚ್ಚಾದಷ್ಟೂ ಬಸ್ಸು ಕಡಿಮೆ

ಲೆಕ್ಕ ಸರಳವಾಗಲಿ ಎಂದು ಹತ್ತು ಸಾವಿರ ಜನರನ್ನು ಹೀಗೆ ಹಂಚೋಣ. ಅರ್ಧದಷ್ಟು, ಅಂದರೆ 5,000 ಮಂದಿ, ನಡೆದೋ ಬೈಕಿನಲ್ಲೋ ಆಟೊದಲ್ಲೋ ಹೋಗುತ್ತಾರೆ. 2,000 ಮಂದಿಗೆ ನಗರ ಬಸ್ಸು ಬೇಕು. 1,800 ಮಂದಿ ಮಾನ್ವಿ ಕಡೆಯವರು, 1,200 ಮಂದಿ ದೇವದುರ್ಗ ಕಡೆಯವರು. ಸಿಂಧನೂರು, ಲಿಂಗಸುಗೂರು, ಸಿರವಾರದವರನ್ನು ಸದ್ಯಕ್ಕೆ ಬಿಡೋಣ. ಎಲ್ಲರನ್ನೂ ಒಂದೂವರೆ ತಾಸಿನೊಳಗೆ ಸಾಗಿಸಬೇಕು ಎಂಬುದು ಗುರಿ.

ನಗರದೊಳಗೆ ಹೋಗಿ ಬರಲು ಒಂದು ಬಸ್ಸಿಗೆ ಅರ್ಧ ತಾಸು ಸಾಕು. ಒಂದೂವರೆ ತಾಸಿನಲ್ಲಿ ಮೂರು ಸುತ್ತು. ಒಂದೊಂದು ಸುತ್ತಿಗೆ 60 ಜನ ಎಂದರೆ ಒಂದೇ ಬಸ್ಸು 180 ಜನರನ್ನು ಮುಟ್ಟಿಸುತ್ತದೆ. 2,000 ಜನರಿಗೆ 12 ಬಸ್ಸು ಇದ್ದರೆ ಆಯಿತು.

ಮಾನ್ವಿಯ ಮಾತು ಬೇರೆ. ರಾಯಚೂರಿನಿಂದ ಸುಮಾರು 45ರಿಂದ 50 ಕಿಲೋಮೀಟರ್ ದೂರ. ನಿಲ್ಲಿಸಿ ಇಳಿಸಿ ಹೋಗಲು ಒಂದು ತಾಸಿಗೂ ಹೆಚ್ಚು, ಖಾಲಿ ಬಸ್ಸು ಮರಳಿ ಬರಲು ಇನ್ನೊಂದು ತಾಸು. ಗಬ್ಬೂರಿನ ಮೇಲೆ ಹಾಯ್ದು ಹೋಗುವ ದೇವದುರ್ಗದ ದಾರಿ ಇನ್ನೂ ಉದ್ದ. ಹೋಗಿ ಬರುವುದರೊಳಗೆ ಒಂದೂವರೆ ತಾಸು ಎಂದೋ ಕಳೆದಿರುತ್ತದೆ. ಅಂದರೆ ಮಾನ್ವಿಗೆ ಹೋದ ಬಸ್ಸು ಆ ಸಂಜೆಗೆ ಒಂದೇ ಸಲ ಉಪಯೋಗಕ್ಕೆ ಬರುತ್ತದೆ. 1,800 ಜನರಿಗೆ 30 ಬಸ್ಸು, 1,200 ಜನರಿಗೆ 20 ಬಸ್ಸು, ಒಟ್ಟು 50. ನಗರದ 2,000 ಜನರಿಗೆ 12 ಬಸ್ಸು ಸಾಕಾದರೆ, ತಾಲ್ಲೂಕಿನ 3,000 ಜನರಿಗೆ 50 ಬೇಕು.

ಸಾರಿಗೆ ಶಾಸ್ತ್ರದಲ್ಲಿ ಇದಕ್ಕೊಂದು ಸಣ್ಣ ಸೂತ್ರವಿದೆ. ಬಸ್ಸು ಒಮ್ಮೆ ಹೊರಟು ಮತ್ತೆ ಅದೇ ಜಾಗಕ್ಕೆ ಬರಲು ಹಿಡಿಯುವ ಸಮಯವನ್ನು, ಎರಡು ಬಸ್ಸುಗಳ ನಡುವಿನ ಅಂತರದಿಂದ ಭಾಗಿಸಿದರೆ ಬೇಕಾದ ಬಸ್ಸುಗಳ ಸಂಖ್ಯೆ ಸಿಗುತ್ತದೆ. ಅರ್ಧ ತಾಸಿನ ಸುತ್ತಿಗೆ, ಐದು ನಿಮಿಷಕ್ಕೊಂದು ಬಸ್ಸು ಬಿಡಲು ಆರು ಸಾಕು. ಸುತ್ತು ಎರಡೂವರೆ ತಾಸಿನದಾದರೆ ಅದೇ ಐದು ನಿಮಿಷಕ್ಕೊಂದು ಬಿಡಲು 30 ಬೇಕು. ರಸ್ತೆ ಉದ್ದವಾದಷ್ಟೂ ಅದೇ ಬಸ್ಸುಗಳು ಕಡಿಮೆಯಾಗುತ್ತಾ ಹೋಗುತ್ತವೆ. ಮಹಾನಗರಗಳ ಕ್ರೀಡಾಂಗಣಗಳ ಅನುಭವವನ್ನು ಹಾಗೆಯೇ ರಾಯಚೂರಿಗೆ ತಂದು ಹಚ್ಚಲು ಆಗದಿರುವುದು ಇದರಿಂದಲೇ. ಅಲ್ಲಿಯ ಪ್ರೇಕ್ಷಕರು ಹೆಚ್ಚಾಗಿ ಹತ್ತಿಪ್ಪತ್ತು ಕಿಲೋಮೀಟರಿನೊಳಗಿನವರು. ಇಲ್ಲಿಯ ಜಾತ್ರೆಗೂ ಆಟಕ್ಕೂ ಬರುವವರು ಹಳ್ಳಿಗಳಿಂದ ಬರುತ್ತಾರೆ.

ರೈಲು ಇದ್ದಿದ್ದರೆ

ರೈಲು ಈ ಲೆಕ್ಕವನ್ನು ಬೇರೆಯೇ ಮಾಡುತ್ತದೆ. ಬೆಂಗಳೂರಿನ ‘ನಮ್ಮ ಮೆಟ್ರೊ’ದ ಆರು ಬೋಗಿಗಳ ಒಂದು ರೈಲು ಸುಮಾರು 2,000 ಜನರನ್ನು ಹೊರುತ್ತದೆ. ಐದು ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ ಒಂದು ದಿಕ್ಕಿಗೆ 24,000 ಜನ. ಸಾಧಾರಣ ರೈಲಿನ ಒಂದು ಜನರಲ್ ಬೋಗಿಯಲ್ಲಿ 90 ಆಸನ. ಹತ್ತು ಬೋಗಿಗೆ 900. ಬರೀ ಕೂತವರನ್ನು ಲೆಕ್ಕ ಹಿಡಿದರೂ 18 ಬಸ್ಸಿನ ಕೆಲಸ. ಬೋಗಿಗೆ ಎರಡೂ ಬದಿ ಬಾಗಿಲು, ಉದ್ದದ ಪ್ಲಾಟ್‌ಫಾರ್ಮ್, ಟಿಕೆಟ್ ಮೊದಲೇ ಆಗಿರುತ್ತದೆ. ಹತ್ತುವ ಹೊತ್ತು ಜನರ ಸಂಖ್ಯೆಗೆ ತಕ್ಕಂತೆ ಬೆಳೆಯುವುದಿಲ್ಲ.

ರಾಯಚೂರಿಗೆ ರೈಲು ಹೊಸದಲ್ಲ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ಇದೇ ಊರಿನಲ್ಲಿ. ಆದರೆ ಆ ಹಳಿಗಳು ವಾಡಿಯ ಕಡೆಗೂ ಗುಂತಕಲ್ಲಿನ ಕಡೆಗೂ ಹೋಗುತ್ತವೆ. ಮಂತ್ರಾಲಯಕ್ಕೆ ಹೋಗುವವರಿಗೆ ಅನುಕೂಲ. ಮಾನ್ವಿ, ದೇವದುರ್ಗದವರಿಗೆ ಇಲ್ಲ. ಮುನಿರಾಬಾದಿನಿಂದ ಸಿಂಧನೂರು, ಮಾನ್ವಿ, ರಾಯಚೂರಿನ ಮೇಲೆ ಹಾಯ್ದು ಮೆಹಬೂಬನಗರ ಸೇರುವ ಮಾರ್ಗಕ್ಕೆ 1990ರ ದಶಕದಲ್ಲೇ ಮಂಜೂರಾತಿ ಸಿಕ್ಕಿತು. ಪಶ್ಚಿಮದ ಕಡೆಯಿಂದ ರೈಲು ಸಿಂಧನೂರಿಗೆ ಮುಟ್ಟಿದ್ದು 2024ರಲ್ಲಿ. ಈ ಮಾರ್ಗ ಪೂರ್ತಿಯಾದ ದಿನ ನಮ್ಮ ಲೆಕ್ಕದ ಮಾನ್ವಿಯ 30 ಬಸ್ಸುಗಳ ಬದಲು ಎರಡು ರೈಲು ಸಾಕಾದೀತು. ದೇವದುರ್ಗಕ್ಕೆ ಮಾತ್ರ ಬಸ್ಸೇ ಗತಿ. ಅಲ್ಲಿಯತನಕ ಎರಡು ತಾಲ್ಲೂಕಿಗೂ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳೇ ಆಧಾರ.

ಕಾಯುವ ಜಾಗಕ್ಕೆ 20 ಗುಂಟೆ

50 ಬಸ್ಸು ಸಿಕ್ಕವು ಎಂದೇ ಇಟ್ಟುಕೊಳ್ಳೋಣ. ಅವನ್ನು ಮುಕ್ಕಾಲು ತಾಸಿನಲ್ಲಿ ಹೊರಡಿಸಲು ಎಷ್ಟು ತಾಣ ಬೇಕು? ಒಂದೊಂದು ಬಸ್ಸಿಗೆ ಐದು ನಿಮಿಷದಂತೆ ಒಟ್ಟು 250 ನಿಮಿಷ. ಅದನ್ನು 45ರಿಂದ ಭಾಗಿಸಿದರೆ ಐದೂವರೆ ದಾಟುತ್ತದೆ. ಆರು ತಾಣ ಬೇಕು. ಮೊದಲ ಕಾಲು ತಾಸಿನಲ್ಲಿ ಆರು ತಾಣಗಳಿಂದ 18 ಬಸ್ಸು ಹೊರಟು 1,080 ಜನ ಹೋಗಿರುತ್ತಾರೆ. ಅಷ್ಟರಲ್ಲಿ 3,000 ಜನವೂ ಬಂದು ಸೇರಿದ್ದರೆ, 1,920 ಜನ ಕಾಯುತ್ತಿರುತ್ತಾರೆ. ಒಬ್ಬರಿಗೊಂದು ಚದರ ಮೀಟರ್ ಜಾಗ ಕೊಟ್ಟರೆ ಹತ್ತಿರಹತ್ತಿರ 20 ಗುಂಟೆ, ಅರ್ಧ ಎಕರೆ. ಬಸ್ಸುಗಳು ನಿಂತು ತಿರುಗಲು ಬೇಕಾದ ಜಾಗ ಇದಕ್ಕೆ ಹೊರತು.

ಒಂದು ಚದರ ಮೀಟರ್ ಎಂಬುದು ದುಂದಲ್ಲ. ಜನಸಂದಣಿಯ ಅಧ್ಯಯನಕ್ಕೆ ಬುನಾದಿ ಹಾಕಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1971ರ ತಮ್ಮ ಪುಸ್ತಕದಲ್ಲಿ ಜನ ನಡೆಯಲು, ನಿಲ್ಲಲು, ಸಾಲುಗಟ್ಟಲು ಎಷ್ಟು ಜಾಗ ಬೇಕು ಎಂಬುದನ್ನು ದರ್ಜೆ ಮಾಡಿ ತೋರಿಸಿದರು. ಚದರ ಮೀಟರಿಗೆ ಒಬ್ಬರಿಬ್ಬರು ಇದ್ದಾಗ ಮನುಷ್ಯ ತನ್ನ ಇಷ್ಟದಂತೆ ಕಾಲಿಡುತ್ತಾನೆ. ನಾಲ್ಕಾದರೆ ಮೈಗೆ ಮೈ ತಾಗುತ್ತದೆ. ಆರು ಏಳು ದಾಟಿದರೆ ಯಾರೊಬ್ಬರ ಇಚ್ಛೆಯೂ ನಡೆಯುವುದಿಲ್ಲ. ಹಿಂದಿನ ಒಂದು ಸಣ್ಣ ನೂಕು ಅಲೆಯಾಗಿ ಸಾಗಿ ಮುಂದಿನವರನ್ನು ಅಡ್ಡಗಟ್ಟಿಗೋ ಗೋಡೆಗೋ ಒತ್ತುತ್ತದೆ. ಇಂಥ ಅನಾಹುತಗಳಲ್ಲಿ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ, ಎದೆ ಅಗಲಿಸಿ ಉಸಿರೆಳೆಯಲು ಆಗದೆ. ನಾವು ಕಾಲ್ತುಳಿತ ಎಂದು ಕರೆಯುವುದರ ಹಿಂದೆ ಜಾಗವಿಲ್ಲದ ಜಾಗದಲ್ಲಿ ಜನರನ್ನು ಸೇರಿಸಿದ ತಪ್ಪು ಇರುತ್ತದೆ. ಸತ್ತವರ ಗಡಿಬಿಡಿ ಅದಕ್ಕೆ ಕಾರಣವಲ್ಲ.

ಕರ್ನಾಟಕಕ್ಕೆ ಈ ನೋವು ಹತ್ತಿರದ್ದು. 2025ರ ಜೂನ್ 4ರಂದು, ಐಪಿಎಲ್ ಗೆದ್ದ ಆರ್‌ಸಿಬಿ ತಂಡದ ಸಂಭ್ರಮಾಚರಣೆಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸೇರಿದ ಸಂದಣಿಯಲ್ಲಿ ಸಿಕ್ಕಿ 11 ಮಂದಿ ಸತ್ತರು. ಆ ದಿನ ನಮ್ಮ ಮೆಟ್ರೊದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಓಡಾಡಿದರು; ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದಿರಲು ನಿರ್ಧರಿಸಬೇಕಾಯಿತು. ಸಾರಿಗೆಯ ಸಾಮರ್ಥ್ಯ ಹೆಚ್ಚಿದ್ದರೆ ಸಾಲದು ಎಂಬುದನ್ನು ಆ ದಿನ ಎಲ್ಲರ ಕಣ್ಣ ಮುಂದಿಟ್ಟಿತು. ರೈಲು ಬಸ್ಸುಗಳು ಜನರನ್ನು ತಂದು ಇಳಿಸುವ ವೇಗಕ್ಕೂ, ಇಳಿದವರಿಗೆ ಇರುವ ಜಾಗಕ್ಕೂ, ಗೇಟಿನ ಅಗಲಕ್ಕೂ ಹೊಂದಿಕೆ ಇರಬೇಕು. ಸಂದಣಿಯ ಅನಾಹುತಗಳನ್ನೆಲ್ಲ ಪರಿಶೀಲಿಸಿದ ಫ್ರೂಯಿನ್ ಮುಂದೆ ನಾಲ್ಕು ಅಂಶಗಳನ್ನು ಎತ್ತಿ ಹೇಳಿದರು: ಬಲ, ಮಾಹಿತಿ, ಜಾಗ, ಸಮಯ. ಜಾಗ ಕಡಿಮೆಯಾಗಿ, ಸಮಯ ಒತ್ತಿ ಬಂದು, ಮುಂದೆ ಏನಾಗುತ್ತಿದೆ ಎಂಬ ಮಾಹಿತಿ ಹಿಂದಿನವರಿಗೆ ಸಿಗದಿದ್ದಾಗ, ಬಲ ತಾನಾಗಿ ಹುಟ್ಟುತ್ತದೆ.

ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 90,000 ಆಸನಗಳಿವೆ. ಪಕ್ಕದ ವೆಂಬ್ಲಿ ಪಾರ್ಕ್ ನಿಲ್ದಾಣವನ್ನು ಹಿಗ್ಗಿಸಿದ ಮೇಲೂ ಅದು ಗಂಟೆಗೆ ಸುಮಾರು 37,500 ಜನರನ್ನು ನಿಭಾಯಿಸುವಂತಿದೆ. ಅಷ್ಟು ಹಣ, ಅಷ್ಟು ರೈಲು ಇದ್ದರೂ ಅಲ್ಲಿ ಎಲ್ಲರನ್ನೂ ಒಂದೇ ಸಲ ಕಳಿಸುವ ಹಟವಿಲ್ಲ. ನಿಲ್ದಾಣದ ಮುಂದಿನ ಅಗಲವಾದ ದಾರಿಯಲ್ಲಿ ಜನರನ್ನು ತಂಡತಂಡವಾಗಿ ನಿಲ್ಲಿಸಿ, ಪ್ಲಾಟ್‌ಫಾರ್ಮ್ ತೆರವಾದಂತೆ ಬಿಡುತ್ತಾರೆ. ಕಾಯಿಸುವುದು ಅಲ್ಲಿ ವ್ಯವಸ್ಥೆಯ ಭಾಗ. ಕಾಯುವ ಜಾಗ ಬಯಲಿನಲ್ಲಿರಬೇಕು, ಇಕ್ಕಟ್ಟಿನ ಮೆಟ್ಟಿಲ ಮೇಲೆ ಇರಬಾರದು ಎಂಬುದಷ್ಟೇ ನಿಯಮ.

ರಾಯಚೂರಿನಲ್ಲಿ ಇದರ ಅರ್ಥ ಏನು? ಕೋಟೆಯ ಬಳಿಯ ಕೇಂದ್ರ ಬಸ್ ನಿಲ್ದಾಣಕ್ಕೂ ತೀನ್ ಕಂದೀಲ್ ಸುತ್ತಲಿನ ಇಕ್ಕಟ್ಟಿನ ಪೇಟೆಗೂ ಹತ್ತು ಸಾವಿರ ಜನರನ್ನು ಒಟ್ಟಿಗೆ ನುಗ್ಗಿಸಬಾರದು. ಪಂದ್ಯದ ದಿನ ಮಾನ್ವಿ ರಸ್ತೆಗೊಂದು, ದೇವದುರ್ಗ ರಸ್ತೆಗೊಂದು ತಾತ್ಕಾಲಿಕ ನಿಲ್ದಾಣ ಊರ ಹೊರಬದಿಗೆ ಇರಬೇಕು. ಮೈದಾನದಿಂದ ಹತ್ತು ನಿಮಿಷ ನಡೆಯುವಷ್ಟು, ಅಂದರೆ 700ರಿಂದ 800 ಮೀಟರ್, ದೂರ ಇದ್ದರೆ ಇನ್ನೂ ಒಳ್ಳೆಯದು. ನಡೆಯುವಾಗ ವೇಗದವರು ಮುಂದೆ, ನಿಧಾನದವರು ಹಿಂದೆ ಆಗಿ ಸಂದಣಿ ತಾನಾಗಿ ಸಡಿಲವಾಗುತ್ತದೆ. ಮುದುಕರಿಗೆ, ಅಂಗವಿಕಲರಿಗೆ ಮೈದಾನದ ಬಳಿಯಿಂದಲೇ ಬೇರೆ ವಾಹನ ಇರಬೇಕು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಕಾಯುವ ಜಾಗಕ್ಕೆ ನೆರಳು, ಕುಡಿಯುವ ನೀರು, ಬೆಳಕು, ಹೆಣ್ಣುಮಕ್ಕಳಿಗೆ ಶೌಚಾಲಯ, ಇವು ಬಸ್ಸಿನಷ್ಟೇ ಅವಶ್ಯ.

ಜಾತ್ರೆಗೆ ಗೊತ್ತಿರುವುದು

ಇದರಲ್ಲಿ ಬಹಳಷ್ಟು ನಮ್ಮ ಜಾತ್ರೆಗಳಿಗೆ ಮೊದಲೇ ಗೊತ್ತು. ದೊಡ್ಡ ಜಾತ್ರೆಗಳಲ್ಲಿ ಊರ ಹೊರಗೆ ತಾತ್ಕಾಲಿಕ ನಿಲ್ದಾಣ ಮಾಡಿ, ಯಾವ ಊರಿನ ಬಸ್ಸು ಎಲ್ಲಿ ಎಂದು ಬೋರ್ಡು ಹಾಕಿ, ಅಕ್ಕಪಕ್ಕದ ಘಟಕಗಳಿಂದ ವಿಶೇಷ ಬಸ್ಸು ತರಿಸುವ ಪದ್ಧತಿ ಇದೆ. ಮಂತ್ರಾಲಯದ ಆರಾಧನೆ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ ಎಂದು ಮೂರು ದಿನ ಹರಡಿಕೊಂಡಿರುವುದರಿಂದ ಬಂದವರು ಒಂದೇ ತಾಸಿನಲ್ಲಿ ಹೊರಡುವುದಿಲ್ಲ. ತೇರು ಎಳೆದ ಮೇಲೆ ಒಂದಷ್ಟು ಜನ ಹೊರಟರೆ, ಒಂದಷ್ಟು ಜನ ಅಂಗಡಿ ಸಾಲಿನಲ್ಲಿ ಸುತ್ತಿ, ಪ್ರಸಾದ ಉಂಡು, ರಾತ್ರಿ ನಾಟಕ ನೋಡಿ, ಬೆಳಗಿನ ಬಸ್ಸು ಹಿಡಿಯುತ್ತಾರೆ.

ಪಂದ್ಯಕ್ಕೆ ಆ ಸಡಿಲ ಇಲ್ಲ, ಆದರೆ ಅದನ್ನು ತಂದುಕೊಡಬಹುದು. ಮುಖ್ಯ ಪಂದ್ಯದ ನಂತರ ಬಹುಮಾನ ವಿತರಣೆ, ಊರ ಹುಡುಗರ ಒಂದು ಪುಟ್ಟ ಪ್ರದರ್ಶನ ಪಂದ್ಯ, ತಿಂಡಿ ಅಂಗಡಿ, ಹಾಡು ಇದ್ದರೆ ನಗರದವರಲ್ಲಿ ಅರ್ಧದಷ್ಟು ಜನ ಅರ್ಧ ತಾಸು ಅಲ್ಲೇ ಉಳಿಯುತ್ತಾರೆ. ಆ ಅರ್ಧ ತಾಸಿನಲ್ಲಿ ದೂರದವರಲ್ಲಿ ಹೆಚ್ಚಿನವರು ರಸ್ತೆ ಸೇರಿರುತ್ತಾರೆ. ಹೊಸದೊಂದು ಬಸ್ಸು ಕೊಳ್ಳದೆ ಸಂದಣಿಯ ಏರನ್ನು ಇಳಿಸುವ ದಾರಿ ಇದು.

ಇನ್ನೊಂದು ದಾರಿ ಟಿಕೆಟ್ಟಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಳ್ಳಿಯ ಹೆಂಗಸರು ಜಾತ್ರೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಧೈರ್ಯವಾಗಿ ಹೊರಡುವಂತಾಯಿತು. ಅವರಿಗೂ ಶೂನ್ಯ ಮೊತ್ತದ ಟಿಕೆಟ್ ಕೊಡಲೇಬೇಕು, ಅದಕ್ಕೆ ಕಂಡಕ್ಟರಿಗೆ ಹೊತ್ತು ಬೇಕು. ಬಸ್ಸು ಬರುವ ಮೊದಲೇ ಸಾಲಿನಲ್ಲೇ ಟಿಕೆಟ್ ಕೊಟ್ಟು, ಎರಡು ಬಾಗಿಲುಗಳಿರುವ ಬಸ್ಸುಗಳಲ್ಲಿ ಎರಡನ್ನೂ ತೆರೆದರೆ 60 ಜನ 75 ಸೆಕೆಂಡಿನಲ್ಲಿ ಹತ್ತುತ್ತಾರೆ. ಬಸ್ಸು ತಾಣದಲ್ಲಿ ನಿಲ್ಲುವ ಹೊತ್ತು ಐದು ನಿಮಿಷದಿಂದ ಮೂರಕ್ಕೆ ಇಳಿದರೆ, ಆರು ತಾಣದ ಕೆಲಸ ನಾಲ್ಕರಲ್ಲಿ ಆಗುತ್ತದೆ. ಬಸ್ಸೂ ಅಷ್ಟೇ, ಜನರೂ ಅಷ್ಟೇ. ಬದಲಾದದ್ದು ಕೆಲಸದ ಕ್ರಮ ಮಾತ್ರ.

ಸರಾಸರಿ ಹೇಳುವ ಸುಳ್ಳು

ಈಗ ಈ ಲೇಖನದ ಮುಖ್ಯ ಮಾತು. ಬಸ್ಸು ಕಡಿಮೆ ಇದ್ದು, ಜನ ಹೆಚ್ಚಿದ್ದಾಗ ಯಾರನ್ನು ಮೊದಲು ಕಳಿಸಬೇಕು?

ಗಣಿತ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಒಂದೇ ಬಸ್ಸು ಇದೆ, 60 ಜನ ನಗರದವರು, 60 ಜನ ದೇವದುರ್ಗದವರು. ನಗರದವರನ್ನು ಮೊದಲು ಒಯ್ದರೆ ಅರ್ಧ ತಾಸಿನಲ್ಲಿ ಬಸ್ಸು ಮರಳುತ್ತದೆ. ನಗರದವರು ಕಾಯಲಿಲ್ಲ, ದೇವದುರ್ಗದವರು 30 ನಿಮಿಷ ಕಾದರು. ಸರಾಸರಿ 15 ನಿಮಿಷ. ದೇವದುರ್ಗದವರನ್ನು ಮೊದಲು ಒಯ್ದರೆ ಬಸ್ಸು ಮರಳಲು ಮೂರು ತಾಸು. ಸರಾಸರಿ ಕಾಯುವಿಕೆ 90 ನಿಮಿಷ. ಚಿಕ್ಕ ಕೆಲಸವನ್ನು ಮೊದಲು ಮಾಡಿದರೆ ಸರಾಸರಿ ಕಾಯುವಿಕೆ ಅತಿ ಕಡಿಮೆ ಎಂಬುದು ಸರತಿ ಶಾಸ್ತ್ರದಲ್ಲಿ 1950ರ ದಶಕದಲ್ಲೇ ಸಿದ್ಧವಾದ ನಿಯಮ.

ಹಾಗಾದರೆ ಸರಾಸರಿಯನ್ನೇ ನಂಬಿ ನಡೆವ ವ್ಯವಸ್ಥೆಯಲ್ಲಿ ದೂರದವರು ಯಾವಾಗಲೂ ಕೊನೆಗೇ ಉಳಿಯುತ್ತಾರೆ. ನಗರದ ಮೂರು ಸುತ್ತು ಮುಗಿಸಿದ ಬಸ್ಸು ದೇವದುರ್ಗಕ್ಕೆ ಹೊರಡುವಾಗ ಎಂಟೂವರೆ ಆಗಿರುತ್ತದೆ, ಮುಟ್ಟುವಾಗ ಹತ್ತು. ಅಲ್ಲಿಗೆ ದಾರಿ ಮುಗಿಯಲಿಲ್ಲ. ದೇವದುರ್ಗದಿಂದ ಕೃಷ್ಣಾ ತೀರದ ಹಳ್ಳಿಗೋ, ಮಾನ್ವಿಯಿಂದ ತುಂಗಭದ್ರೆಯ ದಂಡೆಯ ಹಳ್ಳಿಗೋ ಹೋಗುವವನಿಗೆ ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ. ವರದಿಯಲ್ಲಿ ಸರಾಸರಿ ಕಾಯುವಿಕೆ 15 ನಿಮಿಷ ಎಂದು ಬರೆದಿರುತ್ತದೆ. ನಿಜದಲ್ಲಿ ಕೆಲವು ನೂರು ಜನ ತಾಲ್ಲೂಕು ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡುತ್ತಾರೆ.

ಅಥವಾ ಸಿಕ್ಕ ವಾಹನ ಹತ್ತುತ್ತಾರೆ. ಬಸ್ಸಿನ ಕೊರತೆ ಎಂದೂ ಖಾಲಿಯಾಗಿ ಉಳಿಯುವುದಿಲ್ಲ. ಅದನ್ನು ಟಂಟಂ, ತುಂಬಿ ತುಳುಕುವ ಕ್ರೂಸರ್, ಸರಕು ಸಾಗಿಸುವ ಗಾಡಿ, ಟ್ರ್ಯಾಕ್ಟರಿನ ಟ್ರೇಲರ್ ತುಂಬುತ್ತವೆ. ರಾತ್ರಿ ಹೊತ್ತು, ದೀಪವಿಲ್ಲದ ರಸ್ತೆ, ಹಿಡಿಕೆಯೂ ಇಲ್ಲದ ತೊಟ್ಟಿಯಲ್ಲಿ ನಿಂತ ಹುಡುಗರು. ಇದನ್ನು ಸಾರಿಗೆ ಸಾಮರ್ಥ್ಯ ಎಂದು ಯಾರೂ ಕರೆಯಬಾರದು.

ಹಾಗಾಗಿ ಅಳತೆಗೋಲನ್ನೇ ಬದಲಿಸಬೇಕು. ಸರಾಸರಿ ಪ್ರಯಾಣಿಕ ಎಷ್ಟು ಕಾದ ಎಂಬುದರ ಬದಲು, ಕೊನೆಯ ಪ್ರಯಾಣಿಕ ಎಷ್ಟು ಹೊತ್ತಿಗೆ ಮನೆ ಮುಟ್ಟಿದ ಎಂದು ಕೇಳಬೇಕು. ಈ ಪ್ರಶ್ನೆ ಕೇಳಿದ ತಕ್ಷಣ ಯೋಜನೆಯ ರೂಪವೇ ಬೇರೆಯಾಗುತ್ತದೆ. ದೂರದ ಬಸ್ಸುಗಳು ನಗರದ ಸುತ್ತಿಗೆ ಸೇರದೆ ಮೀಸಲಾಗಿ ನಿಲ್ಲುತ್ತವೆ. ಸೀಟಿ ಊದಿದ ಮೇಲೆ ಮೊದಲು ಹೊರಡುವುದು ಅತಿ ದೂರದ ಬಸ್ಸು. ನಗರದವರು ಅರ್ಧ ತಾಸು ಕಾಯಬಲ್ಲರು, ನಡೆಯಲೂ ಬಲ್ಲರು. ಗಬ್ಬೂರಿನಾಚೆಯವರಿಗೆ ಎರಡೂ ಸಾಧ್ಯವಿಲ್ಲ.

ಕೈಯಲ್ಲಿರುವ ಬಸ್ಸುಗಳಿಂದಲೇ

50 ಬಸ್ಸು ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಮಾನ್ವಿಯಲ್ಲೂ ದೇವದುರ್ಗದಲ್ಲೂ ನಿಗಮದ ಘಟಕಗಳಿವೆ. ವಾರದ ದಿನ ಸಂಜೆ ಐದಾರು ಗಂಟೆಗೆ ಆ ಬಸ್ಸುಗಳೆಲ್ಲ ಶಾಲೆ ಕಾಲೇಜಿನ ಮಕ್ಕಳನ್ನೂ ನೌಕರರನ್ನೂ ಹೊತ್ತು ದುಡಿಯುತ್ತಿರುತ್ತವೆ. ಅದನ್ನು ಕಿತ್ತುಕೊಂಡು ಆಟದವರಿಗೆ ಕೊಡುವುದು ಸಲ್ಲದು. ಪಂದ್ಯ ಭಾನುವಾರ ಇದ್ದರೆ ಆ ಒತ್ತಡ ಇಳಿದಿರುತ್ತದೆ. ತಾಲ್ಲೂಕಿನಿಂದ ಪ್ರೇಕ್ಷಕರನ್ನು ಕರೆತಂದ ಬಸ್ಸು ಪಂದ್ಯ ಮುಗಿಯುವತನಕ ನಿಂತು ಅವರನ್ನೇ ಮರಳಿ ಒಯ್ದರೆ ಖಾಲಿ ಓಡಾಟ ತಪ್ಪುತ್ತದೆ. ಮದುವೆಗೆ, ಸಮಾವೇಶಕ್ಕೆ ಬಸ್ಸನ್ನು ಒಪ್ಪಂದದ ಮೇಲೆ ಗೊತ್ತು ಮಾಡುವ ಪದ್ಧತಿ ಇದ್ದೇ ಇದೆ.

ಇದಕ್ಕಿಂತ ಮುಖ್ಯವಾದ ಆಸ್ತಿಯೊಂದು ನಮ್ಮ ಕಡೆಯ ಸಾರಿಗೆಗೆ ಇದೆ: ವಸ್ತಿ ಬಸ್ಸು. ಸಂಜೆ ಹೊರಟು ರಾತ್ರಿ ಹಳ್ಳಿಯಲ್ಲೇ ನಿಂತು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಗಿನ ಜಾವ ಜನರನ್ನು ಹತ್ತಿಸಿಕೊಂಡು ಪಟ್ಟಣಕ್ಕೆ ಬರುವ ಬಸ್ಸು. ಇದಕ್ಕೆ ರಾತ್ರಿ ಮರಳಿ ಬರಬೇಕಾದ ಅಗತ್ಯವಿಲ್ಲ. ದೂರದ ಬಸ್ಸು ಒಂದೇ ಸಲ ಉಪಯೋಗಕ್ಕೆ ಬರುತ್ತದೆ ಎಂಬ ಕೊರತೆ ಇದಕ್ಕೆ ಕೊರತೆಯೇ ಅಲ್ಲ, ಅದರ ಕೆಲಸವೇ ಹಾಗೆ. ಪಂದ್ಯದ ದಿನ ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಹೊರಡುವ ವಸ್ತಿ ಬಸ್ಸುಗಳ ವೇಳೆಯನ್ನು ಮುಖ್ಯ ಬಸ್ಸುಗಳ ಬರವಿಗೆ ಹೊಂದಿಸಿ, ಅದನ್ನು ಹಳ್ಳಿಗಳಿಗೆ ಮೊದಲೇ ತಿಳಿಸಿದರೆ, ಹೆಚ್ಚು ಖರ್ಚಿಲ್ಲದೆ ನೂರಾರು ಜನರ ಮನೆ ದಾರಿ ಕೂಡಿಬರುತ್ತದೆ. ಆ ಬಸ್ಸನ್ನು ದಿನವೂ ನಂಬಿದ ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ತೊಂದರೆಯಾಗದಂತೆ ಒಂದನ್ನು ಹಳೆಯ ವೇಳೆಗೇ ಬಿಡಬೇಕು.

ಆಟದ ವೇಳೆಯೂ ಸಾರಿಗೆಯ ಸಾಧನವೇ. ಚಳಿಗಾಲದಲ್ಲಿ ಪಂದ್ಯ ನಾಲ್ಕಕ್ಕೆ ಶುರುವಾದರೆ, 90 ನಿಮಿಷದ ಆಟ, 15 ನಿಮಿಷದ ವಿರಾಮ, ಮೇಲಿನ ಕೆಲವು ನಿಮಿಷ ಸೇರಿ ಆರರೊಳಗೆ ಮುಗಿಯುತ್ತದೆ. ಏಳೂವರೆಗೆ ಮಾನ್ವಿ, ಎಂಟಕ್ಕೆ ದೇವದುರ್ಗ. ಹಳ್ಳಿಯ ಬಸ್ಸು ಆಗ ಇನ್ನೂ ಹೊರಟಿರುವುದಿಲ್ಲ. ಪಂದ್ಯವನ್ನು ಒಂದು ತಾಸು ಹಿಂದಕ್ಕೆ ಸರಿಸಿದ್ದು ಹತ್ತಾರು ಬಸ್ಸು ಹೆಚ್ಚಿಸಿದಷ್ಟು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಲೆಕ್ಕಕ್ಕೆ ಒಂದು ಸಂಖ್ಯೆ ಮೊದಲೇ ಗೊತ್ತಿರಬೇಕು: ಯಾವ ಕಡೆಗೆ ಎಷ್ಟು ಜನ? ಜರ್ಮನಿಯ ಬಹಳಷ್ಟು ಫುಟ್ಬಾಲ್ ಕ್ಲಬ್ಬುಗಳಲ್ಲಿ ಪಂದ್ಯದ ಟಿಕೆಟ್ಟೇ ಆ ದಿನದ ಸ್ಥಳೀಯ ಬಸ್ಸು ರೈಲಿನ ಟಿಕೆಟ್ಟೂ ಆಗಿರುತ್ತದೆ. 2006ರ ವಿಶ್ವಕಪ್ಪಿನಲ್ಲೂ ಹಾಗೇ ಮಾಡಿದ್ದರು. ಜನ ಕಾರು ಬಿಟ್ಟು ಬರುತ್ತಾರೆ, ನಿಲ್ದಾಣದಲ್ಲಿ ಟಿಕೆಟ್ಟಿನ ಸಾಲು ಇರುವುದಿಲ್ಲ. ನಾವು ಅಷ್ಟು ದೂರ ಹೋಗಬೇಕಿಲ್ಲ. ಪಂದ್ಯದ ಪಾಸು ಕೊಡುವಾಗ ಯಾವ ತಾಲ್ಲೂಕು, ಯಾವ ಹೋಬಳಿ ಎಂದು ಕೇಳಿ ಒಂದು ಗುರುತು ಹಾಕಿಕೊಂಡರೆ ಸಾಕು. ಹಿಂದಿನ ದಿನ ಸಂಜೆಗೆ ಘಟಕದ ವ್ಯವಸ್ಥಾಪಕರ ಮೇಜಿನ ಮೇಲೆ ಊಹೆಯ ಬದಲು ಲೆಕ್ಕ ಇರುತ್ತದೆ.

ಈ ಜಿಲ್ಲೆಯ ಹಳ್ಳಿಗಳ ಹುಡುಗ ಹುಡುಗಿಯರು ದೊಡ್ಡ ಆಟವನ್ನು ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿ ಬೆಳೆಯುತ್ತಿದ್ದಾರೆ. ಅದನ್ನು ಕಣ್ಣೆದುರು ನೋಡುವ, ಒಂದು ದಿನ ಆಡುವ ಅವಕಾಶ ರಾಯಚೂರಿಗೆ ಬಂದಾಗ ನಗರದ ಮಕ್ಕಳಷ್ಟೇ ಹಕ್ಕು ಅವರಿಗೂ ಇದೆ. ಮರಳುವ ಬಸ್ಸು ಖಾತ್ರಿ ಇಲ್ಲದಿದ್ದರೆ ಯಾವ ತಾಯಿ ತಂದೆಯೂ ಮಗಳನ್ನು ಪಂದ್ಯಕ್ಕೆ ಕಳಿಸುವುದಿಲ್ಲ. ಆಗ ಮೈದಾನದಲ್ಲಿ ಎಷ್ಟು ಆಸನ ಹಾಕಿದರೂ ಅವು ಅವಳಿಗೆ ಸೇರಿದವಲ್ಲ. ಕ್ರೀಡಾಂಗಣದ ನಿಜವಾದ ಸಾಮರ್ಥ್ಯ ಎಂದರೆ ಕತ್ತಲಾಗಿ ಹೊತ್ತು ಮೀರುವ ಮೊದಲು ಎಷ್ಟು ಜನರನ್ನು ಕ್ಷೇಮವಾಗಿ ಮನೆ ಮುಟ್ಟಿಸಬಲ್ಲೆವು ಎಂಬುದು. ಪಂದ್ಯ ಏರ್ಪಡಿಸುವವರು, ಜಿಲ್ಲಾಡಳಿತ, ಪೊಲೀಸರು, ಸಾರಿಗೆ ನಿಗಮ ಮೊದಲ ಸಭೆಯಲ್ಲೇ ಒಟ್ಟಿಗೆ ಕೂತು ಈ ಸಂಖ್ಯೆಯನ್ನು ನಿಕ್ಕಿ ಮಾಡಬೇಕು. ಅದಕ್ಕಿಂತ ಹೆಚ್ಚು ಪಾಸು ಹಂಚಬಾರದು. ಪಂದ್ಯದ ಕರಪತ್ರದಲ್ಲಿ ಆಟ ಶುರುವಾಗುವ ವೇಳೆಯ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಮಾನ್ವಿ ಮತ್ತು ದೇವದುರ್ಗದ ಕೊನೆಯ ಬಸ್ಸಿನ ವೇಳೆಯೂ ಅಚ್ಚಾಗಬೇಕು.